ಹಂಡೆ ಒಲೆಗೆ ಕಡ್ಡಿ ಇಲ್ಲದ ಗೌರಿ ಹಬ್ಬ

ಮೊನ್ನೆ ನಮ್ಮ ಯಜಮಾನರು ಐಡಿ ಕಾರ್ಡನ್ನು ಮನೆಯಲ್ಲೇ ಮರೆತು ಕಂಪನಿ ಬಸ್ಸು ಹತ್ತಿಬಿಟ್ಟಿದ್ದರು. ಅದಿಲ್ಲದೆ ಗೇಟಿನೊಳಗೇ ಬಿಡುವುದಿಲ್ಲವಂತೆ. "ಸವಿತಾ, ಸ್ವಲ್ಪ ತಂದ್ಕೊಡ್ತೀಯಾ?" ಎಂದು ಫೋನಿನಲ್ಲಿ ಬೆಣ್ಣೆಯಂಥ ದನಿ. ಬೈದುಕೊಂಡೇ ಸ್ಕೂಟರ್ ತೆಗೆದು ಬಾಶೆಟ್ಟಿಹಳ್ಳಿಗೆ ಹೋದೆ. ಕಾರ್ಡು ಕೊಟ್ಟು ತಿರುಗುವಷ್ಟರಲ್ಲಿ ಒಂದು ವಾಸನೆ ಬಂದು ಮೂಗಿಗೆ ಬಡಿಯಿತು ನೋಡಿ, ಕಾಲು ಅಲ್ಲೇ ನಿಂತುಬಿಟ್ಟಿತು. ಕಾಂಪೌಂಡಿನ ಒಳಗೆ ಒಬ್ಬ ಮಾಲಿ ಮಿಷನ್ ತಳ್ಳಿಕೊಂಡು ಹುಲ್ಲು ಕತ್ತರಿಸುತ್ತಿದ್ದ. ಹಿಂದಿನ ದಿನ ಮಳೆಯಾಗಿತ್ತು. ಹಸಿ ಹುಲ್ಲಿನ ಆ ಘಮವನ್ನು ನಾನು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದರೆ ಸೆಕ್ಯೂರಿಟಿಯವನಿಗೆ ಗಾಬರಿಯಾಯಿತೇನೋ.

"ಯಾಕಮ್ಮಾ, ತಲೆ ಸುತ್ತು ಬಂತಾ?"

"ಇಲ್ಲ ಕಣಪ್ಪಾ. ಈ ಹುಲ್ಲನ್ನ ಏನ್ ಮಾಡ್ತೀರಾ?"

"ಎಸೀತೀವಿ."

"ಅಯ್ಯೋ ನಿಮ್ ಮನೆ ಕಾಯ್ವಾಗ! ಎಸೀತೀರಾ?" ಎಂದೆ. ಆಮೇಲೆ ನಾನೇ ಯೋಚಿಸಿದೆ. ಇಷ್ಟು ಎಳೆಯದನ್ನು ತಂದು ಹಾಕಿದರೆ ಹಸುವಿಗೆ ಮೂರು ಹೊತ್ತೂ ಭೇದಿ. ಎಸೆದದ್ದೇ ಒಳ್ಳೆಯದು. ಇದನ್ನು ನನಗೆ ಯಾವ ಡಾಕ್ಟರೂ ಮೊದಲು ಕಲಿಸಲಿಲ್ಲ. ಮದುವೆಯಾದ ವರ್ಷದ ಮಳೆಗಾಲದಲ್ಲಿ ನಮ್ಮ ಚುಕ್ಕಿ ಕಲಿಸಿದಳು.

ಚುಕ್ಕಿ ನನ್ನ ಬಳುವಳಿ. ನನ್ನ ತವರು ನೆಲಮಂಗಲದ ಹತ್ತಿರ, ಅರಿಶಿನಕುಂಟೆಯಿಂದ ಸ್ವಲ್ಪ ಒಳಗೆ. ಮದುವೆಗೆ ಅಮ್ಮ ಚಿನ್ನದಲ್ಲಿ ಸ್ವಲ್ಪ ಕೈ ಬಿಗಿ ಹಿಡಿದರೂ ಕೊಟ್ಟಿಗೆಯಲ್ಲಿ ಹಿಡಿಯಲಿಲ್ಲ. ಹಣೆಯ ಮೇಲೆ ಬಿಳಿ ಚುಕ್ಕಿಯಿದ್ದ, ತಾನೇ ಕೈಯಾರೆ ಸಾಕಿದ ಹಸುವನ್ನು ಕರು ಸಮೇತ ಟೆಂಪೊ ಹತ್ತಿಸಿ ಕಳಿಸಿದಳು. ಟೆಂಪೊ ಹೊರಡುವಾಗ ನನ್ನನ್ನು ತಬ್ಬಿಕೊಂಡು ಅತ್ತದ್ದಕ್ಕಿಂತ ಅದರ ಕುತ್ತಿಗೆ ತಬ್ಬಿಕೊಂಡು ಅತ್ತದ್ದೇ ಜಾಸ್ತಿ. ನನಗೇನೂ ಬೇಜಾರಾಗಲಿಲ್ಲ. ಗೊತ್ತಿಲ್ಲದ ಊರಿಗೆ ಹೋಗುವಾಗ ಗೊತ್ತಿರುವ ಒಂದು ಜೀವ ಜೊತೆಗೆ ಬರುತ್ತಿದೆಯಲ್ಲ, ಅಷ್ಟೇ ಸಾಕು ಅನ್ನಿಸಿತ್ತು.

ಬಂದ ಮನೆ ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿ. ಮನೆಯಲ್ಲಿ ಮಾವ ಹನುಮಂತರಾಯಪ್ಪ, ಅತ್ತೆ, ನಮ್ಮ ಯಜಮಾನರು, ಮತ್ತೆ ಮಾವನ ಮುದ್ದಿನ ಹಸು ಲಕ್ಷ್ಮಿ. ಈ ಮನೆಯವರೆಲ್ಲ ತೆಂಗಿನ ಮರದ ಹಾಗೆ ಉದ್ದ. ಮಾವನಂತೂ ಬಾಗಿಲಲ್ಲಿ ಬಗ್ಗದೆ ಒಳಗೆ ಬಂದವರೇ ಅಲ್ಲ. ನಾನೋ, ಕುಳ್ಳಿ. ಹೆಣ್ಣು ನೋಡಲು ಬಂದ ದಿನವೇ ಅತ್ತೆ, "ಹುಡುಗಿ ಲಕ್ಷಣವಾಗೌಳೆ, ಇನ್ನೊಂದ್ ಮುಷ್ಟಿ ಉದ್ದ ಇದ್ದಿದ್ರೆ..." ಎಂದಿದ್ದರು. ಆ ಒಂದು ಮುಷ್ಟಿಯನ್ನು ಮದುವೆಯಾದ ಮೇಲೂ ಯಾರೂ ಮರೆಯಲಿಲ್ಲ. ಅಟ್ಟದ ಮೇಲಿನ ಡಬ್ಬ ಬೇಕಾದಾಗಲೆಲ್ಲ ಮನೆಯಲ್ಲಿ ಒಂದು ಸುತ್ತು ನಗು.

ಇನ್ನು ಮಾವನ ಹುಲ್ಲು. ರಸ್ತೆ ಪಕ್ಕದ ಒಂದು ತುಂಡು ಹೊಲದಲ್ಲಿ ಅವರು ಸೀಮೆಹುಲ್ಲು ಬೆಳೆಸಿದ್ದರು. ಕಂಪನಿ ಬಸ್ಸುಗಳು, ಬೈಕುಗಳು ಎಲ್ಲ ಅದರ ಪಕ್ಕದಲ್ಲೇ ಹೋಗಬೇಕು. ಹೋಗುವವರೆಲ್ಲ, "ಏನ್ ಹುಲ್ಲು ಬೆಳ್ಸಿದ್ದೀರ ಗುರುಗಳೇ!" ಅನ್ನಬೇಕು, ಮಾವ ಮೀಸೆ ನೇವರಿಸಬೇಕು. ಕೊಯ್ಲಿಗೆ ಅವರದೇ ಒಂದು ಅಳತೆಯಿತ್ತು. ಹುಲ್ಲಿನ ಮಧ್ಯೆ ನಿಂತು ಬಲಗೈ ಮೇಲಕ್ಕೆ ಎತ್ತುವುದು. ರಸ್ತೆಯಲ್ಲಿ ನಿಂತ ಅತ್ತೆಗೆ ಅವರ ಬೆರಳು ಕಾಣಿಸಿದರೆ ಇನ್ನೂ ಕೊಯ್ಯುವ ಹಾಗಿಲ್ಲ, ಕಾಣದಿದ್ದರೆ ಕುಡುಗೋಲು ಹಾಕಬಹುದು.

"ಕಾಣ್ತೈತೇನೇ?"

"ಕಿರುಬೆರಳು ಕಾಣ್ತೈತೆ ಕಣ್ರೀ."

"ಹಂಗಾದ್ರೆ ಇನ್ನೊಂದ್ ವಾರ ಬಿಡು."

ಅಷ್ಟು ಹೊತ್ತಿಗೆ ಹುಲ್ಲಿನ ಬುಡ ಕಬ್ಬಿನ ಜಲ್ಲೆಯಂತೆ ಗೆಣ್ಣುಗೆಣ್ಣಾಗಿ ಬಲಿತಿರುತ್ತಿತ್ತು, ಕೆಳಗಿನ ಎಲೆಗಳೆಲ್ಲ ಹಳದಿ ತಿರುಗಿರುತ್ತಿದ್ದವು. ಹಳದಿ ಕಂಡರೆ ಮಾವನಿಗೆ ಅವಮಾನ. ಕೊಯ್ಲಿಗೆ ನಾಲ್ಕು ದಿನ ಮುಂಚೆ ಯೂರಿಯಾ ಎರಚಿಬಿಡುತ್ತಿದ್ದರು. ಒಂದು ಮಳೆ ಬಿದ್ದರೆ ಸಾಕು, ತುದಿಯೆಲ್ಲ ಕಪ್ಪು ಹಸಿರು. ಅದು ಹಸುವಿಗೆ ಹಾಕಿದ ಗೊಬ್ಬರವಲ್ಲ, ಕಂಪನಿ ಬಸ್ಸಿಗೆ ಹಾಕಿದ ಗೊಬ್ಬರ.

ಲಕ್ಷ್ಮಿ ಈ ಹುಲ್ಲಿಗೆ ಒಗ್ಗಿಕೊಂಡಿದ್ದಳು. ಎಲೆ ಸವರಿಕೊಂಡು ತಿಂದು, ದಪ್ಪ ಕಡ್ಡಿಯನ್ನೆಲ್ಲ ಗೋದಲಿಯಲ್ಲಿ ಬಿಟ್ಟು, ಕೊಡುವಷ್ಟು ಹಾಲು ಕೊಟ್ಟು ಸುಮ್ಮನಿರುತ್ತಿದ್ದಳು. ಬಿಟ್ಟ ಕಡ್ಡಿಯನ್ನು ಅತ್ತೆ ಬಚ್ಚಲ ಪಕ್ಕದ ಶೀಟಿನ ಕೆಳಗೆ ಒಣಗಿಸಿ, ಹಂಡೆ ಒಲೆಗೆ ಉರಿ ಹಾಕುತ್ತಿದ್ದರು. ಆ ಮನೆಯಲ್ಲಿ ಬಿಸಿನೀರಿಗೆ ಮಾತ್ರ ಎಂದೂ ಬರ ಇರಲಿಲ್ಲ. ನಮ್ಮ ಹೊಲದ ಹುಲ್ಲನ್ನು ಹಸುವಿಗಿಂತ ಹಂಡೆ ಒಲೆಯೇ ಹೆಚ್ಚು ತಿನ್ನುತ್ತಿತ್ತು ಅಂದರೆ ತಪ್ಪಲ್ಲ.

ಚುಕ್ಕಿ ಮಾತ್ರ ಒಗ್ಗಲಿಲ್ಲ. ಅಮ್ಮನ ಮನೆಯಲ್ಲಿ ಬಕೆಟ್ ತುಂಬ ನೊರೆ ಬರುವ ಹಾಗೆ ಹಾಲು ಕೊಡುತ್ತಿದ್ದವಳು ಇಲ್ಲಿ ಬಂದು ತಿಂಗಳಾಗುವಷ್ಟರಲ್ಲಿ ಅರ್ಧಕ್ಕೆ ಇಳಿದಳು. ಕಡ್ಡಿಯನ್ನು ಮೂತಿಯಲ್ಲಿ ತಳ್ಳಿ ನನ್ನ ಕಡೆ ನೋಡುತ್ತಿದ್ದಳು. ಡೈರಿಯಲ್ಲಿ ಫ್ಯಾಟ್ ಕೂಡ ಕಮ್ಮಿ ಬಂತು. ಅವತ್ತು ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯುತ್ತಾ ಹೇಳಿಯೇಬಿಟ್ಟರು.

"ನಿಮ್ಮಮ್ಮ ಕೊಟ್ಟ ಹಸು ನೋಡಕ್ ಚೆಂದ ಕಣಮ್ಮ. ಆದ್ರೆ ಈ ನೀರು-ಹುಲ್ಲು ಅದಕ್ಕೆ ಒಗ್ಗಲ್ಲ. ಯಾರಿಗಾದ್ರೂ ಕೊಟ್ಬಿಡಾನ. ಸುಮ್ನೆ ಕಟ್ಕೊಂಡು ಅದನ್ನೂ ನೋಯ್ಸಿ ನಾವೂ ನೋಯೋದ್ಯಾಕೆ?"

ಕೆಟ್ಟದಾಗಿ ಹೇಳಲಿಲ್ಲ ಅವರು. ಅದೇ ನನಗೆ ಇನ್ನೂ ಕಷ್ಟವಾಯಿತು, ಜಗಳವಾಡುವ ಹಾಗಿಲ್ಲ. ಆದರೆ ಗೌರಿ ಹಬ್ಬಕ್ಕೆ ಅಮ್ಮ ಮೊದಲ ಬಾಗಿನ ತೆಗೆದುಕೊಂಡು ಬರುತ್ತಾಳೆ. ಚಪ್ಪಲಿ ಬಿಡುವ ಮುಂಚೆ ಕೊಟ್ಟಿಗೆಗೆ ಹೋಗುವವಳು ಅವಳು. ಅಲ್ಲಿ ಖಾಲಿ ಗೂಟ ಕಂಡರೆ? ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅಳು ಬಂದಾಗ ನನಗೆ ಬಾಯಿಯೂ ಬರುತ್ತದೆ.

"ಒಗ್ಗದಿರೋದು ನೀರಲ್ಲ ಮಾವ, ನಿಮ್ಮ ಹುಲ್ಲು! ಅದು ಹುಲ್ಲಲ್ಲ, ಸೌದೆ!"

ನಮ್ಮ ಯಜಮಾನರು ತಟ್ಟೆಯೊಳಗೆ ತಲೆ ಹಾಕಿಕೊಂಡರು. ಮಾವ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಕೈ ತೊಳೆದು ಬಂದು, "ಹಂಗಾ? ಸರಿ ಹಂಗಾದ್ರೆ. ಹೊಲದಲ್ಲಿ ಅರ್ಧ ನಿಂದು. ಗೌರಿ ಹಬ್ಬದ ತನಕ ನೀನ್ ಹೆಂಗ್ ಬೇಕಾದ್ರೂ ಬೆಳೆಸ್ಕೋ, ಕೊಯ್ಕೋ. ಚುಕ್ಕಿ ಹಾಲು ಏರಿದ್ರೆ ಅವಳು ಇಲ್ಲೇ. ಏರಲಿಲ್ಲ ಅಂದ್ರೆ ಹಬ್ಬ ಮುಗಿದ ಮಾರನೇ ದಿನ ನಾನ್ ಹೇಳಿದ್ದು" ಎಂದರು.

ಮರುದಿನವೇ ಹುಲ್ಲು ಪೂರ್ತಿ ಕೊಯ್ದು, ಹೊಲದ ನಡುವೆ ಒಂದು ಹಗ್ಗ ಎಳೆದರು. ರಸ್ತೆ ಕಡೆಯ ಅರ್ಧ ನನ್ನದು, ಒಳಗಿನ ಅರ್ಧ ಮಾವನದು. ರಸ್ತೆ ಕಡೆಯದನ್ನು ನನಗೆ ಕೊಟ್ಟದ್ದು ಊರೆಲ್ಲ ನೋಡಲಿ ಅಂತಲೇ ಎಂದು ನನಗೆ ಆಮೇಲೆ ಹೊಳೆಯಿತು.

ಮಳೆ ಚೆನ್ನಾಗಿ ಹಿಡಿಯಿತು. ಬೆಳಗ್ಗೆ ಬಿಸಿಲು, ಸಂಜೆ ಗುಡುಗು, ರಾತ್ರಿಯೆಲ್ಲ ಶೀಟಿನ ಮೇಲೆ ಪಟಪಟ. ಮೋಟಿನಿಂದ ಚಿಗುರು ಬರುವುದನ್ನು ನೋಡುವುದೇ ಒಂದು ಸಂಭ್ರಮ. ನನಗೋ ತಾಳ್ಮೆಯಿಲ್ಲ. ಬಲಿತದ್ದು ಕೆಟ್ಟದಾದರೆ ಎಳೆಯದು ಒಳ್ಳೆಯದು ತಾನೇ? ಎಷ್ಟು ಎಳೆಯದೋ ಅಷ್ಟು ಒಳ್ಳೆಯದು! ಹೀಗೆ ಲೆಕ್ಕ ಹಾಕಿದೆ. ಮೊಣಕಾಲು ಮುಟ್ಟುವಷ್ಟರಲ್ಲಿ ಕುಡುಗೋಲು ಹಾಕಿದೆ. ಹಾಕುವ ಮುಂಚೆ, ಮನೆಯ ಪದ್ಧತಿ ಇದೇ ಅಲ್ಲವೇ ಎಂದು, ಮಾವನಂತೆಯೇ ಯೂರಿಯಾ ಬೇರೆ ಎರಚಿದೆ. ಹುಲ್ಲು ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಚುಕ್ಕಿ ಗೋದಲಿಗೆ ತಲೆ ಹಾಕಿದವಳು ಎತ್ತಲೇ ಇಲ್ಲ. ಹಾಲೂ ಏರಿತು. ನಾನು ಕುಣಿದಾಡುವುದೊಂದು ಬಾಕಿ.

ಪಕ್ಕದ ಹೊಲದ ಪಿಳ್ಳಪ್ಪ ಮಾವನ ಜೊತೆಗಾರ. ರಸ್ತೆಯಲ್ಲಿ ನಿಂತು ಕೂಗಿದರು, "ಏನ್ಲಾ ಹನುಮಂತರಾಯ, ಸೊಸೆ ಹೊಲಕ್ಕೆ ಕಟಿಂಗ್ ಮಾಡಿಸೌಳಲ್ಲೋ!" ಬಸ್ಸಿನ ಕಿಟಕಿಗಳಿಂದಲೂ ನಗು. ಮಾವ ಮೀಸೆಯಲ್ಲೇ ನಕ್ಕರು. ನಾನು ಕೇರ್ ಮಾಡಲಿಲ್ಲ, ಮತ್ತೆ ಮೊಣಕಾಲಿಗೆ ಬರುತ್ತಿದ್ದಂತೆ ಮತ್ತೆ ಯೂರಿಯಾ, ಮತ್ತೆ ಕೊಯ್ಲು.

ಎರಡನೇ ಸಲ ಚುಕ್ಕಿ ಕೈ ಕೊಟ್ಟಳು. ಸಗಣಿ ನೀರಾಯಿತು. ಹಾಲು ಇದ್ದರೂ ತೆಳ್ಳಗೆ, ಡೈರಿಯಲ್ಲಿ ಫ್ಯಾಟ್ ಮೊದಲಿಗಿಂತ ಕೆಳಗೆ. ಒಂದು ಬೆಳಗ್ಗೆ ಮೇವನ್ನೇ ಮುಟ್ಟಲಿಲ್ಲ, ತಲೆ ಜೋತುಹಾಕಿ ನಿಂತಿದ್ದಳು. ಓಡಿಹೋಗಿ ಪಶು ಡಾಕ್ಟರನ್ನು ಕರೆಸಿದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಹೊಲ ನೋಡಿ, ನನ್ನ ಮುಖ ನೋಡಿದರು.

"ಯೂರಿಯಾ ಯಾವಾಗ ಹಾಕಿದ್ರಿ?"

"ಕೊಯ್ಯೋಕೆ ನಾಲ್ಕು ದಿನ ಮುಂಚೆ ಸರ್."

"ಅಲ್ಲಮ್ಮಾ, ಹಸುಗೆ ಹುಲ್ಲು ಹಾಕಿದ್ರೋ ಗೊಬ್ಬರ ಹಾಕಿದ್ರೋ? ಕೊಯ್ದ ಮೇಲೆ ಹಾಕ್ಬೇಕು, ಅದೂ ಸ್ವಲ್ಪ. ಆ ಗೊಬ್ಬರನ ಹುಲ್ಲು ತಿಂದು ಅರಗಿಸ್ಕೊಂಡ ಮೇಲೆ ಹಸು ಹುಲ್ಲನ್ನ ತಿನ್ಬೇಕು. ಹಾಕಿದ ತಕ್ಷಣ ಕೊಯ್ದು ತಿನ್ನಿಸಿದ್ರೆ ವಿಷ ಆಗ್ಬಿಡುತ್ತೆ. ನಿಮ್ಮ ಪುಣ್ಯ, ಇಷ್ಟಕ್ಕೇ ಹೋಯ್ತು."

ಬಾಗಿಲಲ್ಲಿ ನಿಂತಿದ್ದ ಮಾವ ಕೆಮ್ಮಿದರು. ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಚುಕ್ಕಿ ಸುದ್ದಿ ಹೇಳಿದರೆ ಗಾಬರಿಯಾಗುತ್ತಾಳೆಂದು ಸುಮ್ಮನೆ, ನೀನು ಅಲ್ಲಿ ಹುಲ್ಲು ಯಾವಾಗ ಕೊಯ್ಯುತ್ತಿದ್ದೆ ಅಂತ ಕೇಳಿದೆ.

"ಯಾವಾಗ ಅಂದ್ರೆ? ಬುಡದಲ್ಲಿ ಗೆಣ್ಣು ಮೂಡೋಕೆ ಶುರುವಾಗೋ ಹೊತ್ಗೆ. ಅದಕ್ ಮುಂಚೆ ಕೊಯ್ದ್ರೆ ನೀರು, ಆಮೇಲೆ ಕೊಯ್ದ್ರೆ ಕಡ್ಡಿ. ಮೋಟು ಒಂದ್ ಮುಷ್ಟಿ ಬಿಡು, ನೆಲಕ್ಕೆ ಸವರಬೇಡ, ಬುಡ ಸತ್ತೋಗುತ್ತೆ. ಯಾಕೇ, ಚುಕ್ಕಿ ಚೆನ್ನಾಗೌಳೆ ತಾನೇ?"

"ಚೆನ್ನಾಗೌಳೆ ಕಣಮ್ಮ" ಎಂದು ಫೋನ್ ಇಟ್ಟೆ.

ಅಲ್ಲಿಗೆ ನನ್ನ ಅರ್ಧ ಹೊಲವನ್ನು ಮುಟ್ಟದೆ ಬಿಡಬೇಕಾಯಿತು. ಹುಲ್ಲು ಸುಧಾರಿಸಿಕೊಳ್ಳಲು ತಿಂಗಳ ಮೇಲೆ ಬೇಕು. ಅಷ್ಟು ದಿನ ಚುಕ್ಕಿಗೆ ಏನು ಹಾಕುವುದು? ಕುಕ್ಕೆ ಹಿಡಿದು ಬದುಗಳ ಮೇಲಿನ ಹುಲ್ಲು ಕೊಯ್ಯಲು ಹೊರಟೆ. ಎರಡನೇ ದಿನ ನೋಡಿದರೆ ಹಿಂದಿನಿಂದ ಅತ್ತೆ, ಸೆರಗು ಸಿಕ್ಕಿಸಿ, ಕುಡುಗೋಲು ಹಿಡಿದು ಬರುತ್ತಿದ್ದಾರೆ.

"ನೀನೊಬ್ಳೇ ಎಷ್ಟ್ ಕೊಯ್ತೀಯ? ಕೈ ಬೇರೆ ಮೋಟು" ಎಂದರು.

ಆ ಮಳೆಗಾಲದಲ್ಲಿ ನನಗೆ ಸಿಕ್ಕ ದೊಡ್ಡ ಭಾಗ್ಯ ಅದೇ. ಗೋಣಿಚೀಲ ತಲೆಗೆ ಕೊಪ್ಪೆ ಹಾಕಿಕೊಂಡು, ತುಂತುರಿನಲ್ಲಿ ಇಬ್ಬರೂ ಬದು ಸವರುತ್ತಾ ಊರಿನವರ ಕಥೆಯೆಲ್ಲ ಮಾತಾಡಿದೆವು. ಅತ್ತೆಗೆ ನಗು ಬಂದರೆ ಬಗ್ಗಿ ನಗುತ್ತಾರೆ, ಆಗ ನನ್ನಷ್ಟೇ ಎತ್ತರ. ಹಸಿ ಹುಲ್ಲನ್ನು ಹಾಗೇ ಹಾಕಬಾರದು, ಒಂದು ಹೊತ್ತು ಬಾಡಿಸಿ, ಒಂದು ಹಿಡಿ ರಾಗಿ ಹುಲ್ಲು ಬೆರೆಸಿ ಹಾಕಿದರೆ ಸಗಣಿ ಗಟ್ಟಿಯಾಗುತ್ತದೆ, ಹಾಲೂ ಗಟ್ಟಿಯಾಗುತ್ತದೆ ಎಂದು ತೋರಿಸಿಕೊಟ್ಟದ್ದು ಅವರೇ. "ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಅತ್ತೆ?" ಎಂದರೆ, "ನೀನ್ ಕೇಳಿದ್ರೆ ತಾನೇ? ಬಂದಾಗಿಂದ ಬಾಯ್ ನಿಂದೇ" ಎಂದರು. ಸತ್ಯವೇ.

ಅತ್ತ ನನ್ನ ಹುಲ್ಲು ಏಳುತ್ತಿತ್ತು. ಕೊಯ್ದ ಮೇಲೆ ಒಂದೇ ಸಲ ಸ್ವಲ್ಪ ಯೂರಿಯಾ, ಆಮೇಲೆ ಕೊಟ್ಟಿಗೆಯ ಸಗಣಿ-ಗಂಜಲದ ನೀರು, ಅಷ್ಟೇ. ದಿನಾ ಹೋಗಿ ಬುಡ ಸವರಿ ನೋಡುತ್ತಿದ್ದೆ, ಗೆಣ್ಣು ಮೂಡಿತಾ ಅಂತ. ಹಬ್ಬಕ್ಕೆ ಎರಡು ವಾರ ಇರುವಾಗ ಬೆರಳಿಗೆ ಮೊದಲ ಗೆಣ್ಣು ಸಿಕ್ಕಿತು. ಎದ್ದು ನಿಂತರೆ ಹುಲ್ಲಿನ ತುದಿ ಸರಿಯಾಗಿ ನನ್ನ ಹೆಗಲಿಗೆ ಮುಟ್ಟುತ್ತಿತ್ತು. ಆ ದಿನದಿಂದ ಸಾಲು ಸಾಲಾಗಿ ಕೊಯ್ಯತೊಡಗಿದೆ. ಹಗ್ಗದ ಆಚೆ ಮಾವನ ಹುಲ್ಲು ಆಕಾಶ ನೋಡುತ್ತಾ ನಿಂತಿತ್ತು, ಬೆರಳು ಮುಚ್ಚಲು ಇನ್ನೂ ಚೂರು ಬಾಕಿ. ಲಕ್ಷ್ಮಿಗೆಂದು ಒಂದು ಮೂಲೆಯಿಂದ ಮಾತ್ರ ದಿನಕ್ಕೊಂದು ಹೊರೆ ತರುತ್ತಿದ್ದರು.

ಚುಕ್ಕಿಯ ಹಾಲು ಒಂದೊಂದು ದಿನಕ್ಕೂ ಏರತೊಡಗಿತು. ಸಗಣಿ ಗಟ್ಟಿ, ಮೈಯಲ್ಲಿ ಹೊಳಪು, ಫ್ಯಾಟೂ ಬಂತು. ನಾನಿನ್ನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಲಕ್ಷ್ಮಿಯ ಹಾಲೂ ಏರಿತು! ಮಾವನ ಖುಷಿ ಹೇಳತೀರದು. ಡೈರಿ ಮುಂದೆ ನಿಂತು ಪಿಳ್ಳಪ್ಪನವರಿಗೆ ಹೇಳುತ್ತಿದ್ದರು.

"ನೋಡ್ದೇನ್ಲಾ? ಚುಕ್ಕಿ ಏರಿದ್ರೆ ಲಕ್ಷ್ಮೀನೂ ಏರೌಳೆ. ಈ ಸಲ ಮಳೆ ಹಂಗೈತೆ ಅಷ್ಟೇ. ನಮ್ ಹುಲ್ಲೇನು ಕಮ್ಮಿ?"

ಉದ್ದ ಹುಲ್ಲು ತಿಂದ ಲಕ್ಷ್ಮಿಯೂ ಏರಿದರೆ ನನ್ನ ವಾದ ಎಲ್ಲಿ ನಿಲ್ಲುತ್ತದೆ? ಎಲ್ಲ ಮಳೆಯ ಪುಣ್ಯ, ಮಳೆ ನಿಂತ ಮೇಲೆ ಚುಕ್ಕಿ ಮತ್ತೆ ಇಳಿಯುತ್ತಾಳೆ, ಕೊಟ್ಟುಬಿಡೋಣ ಅಂದರೆ ನಾನೇನು ಹೇಳಲಿ? ಹಬ್ಬದ ಹಿಂದಿನ ದಿನ ಹೋಳಿಗೆಗೆ ಬೇಳೆ ನೆನೆಹಾಕುವಾಗಲೂ ಮನಸ್ಸೆಲ್ಲ ಕೊಟ್ಟಿಗೆಯಲ್ಲೇ. ಅತ್ತೆ ಮಾತ್ರ ಏನೂ ಆಗದವರಂತೆ ಬೆಲ್ಲ ಕುಟ್ಟುತ್ತಾ ಕೂತಿದ್ದರು.

ಗೌರಿ ಹಬ್ಬದ ಬೆಳಗ್ಗೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದೆ, ಸ್ಟೂಲ್ ಮೇಲೆ ನಿಂತು. ಬಚ್ಚಲಿಂದ ಮಾವನ ಕೂಗು ಕೇಳಿತು.

"ಏನೇ ಇದು! ಹಬ್ಬದ ದಿನ ಹಂಡೆ ತಣ್ಣಗೈತಲ್ಲೇ! ನೀರ್ ಕಾಯ್ಸಿಲ್ವಾ?"

ಅತ್ತೆ ಅಡುಗೆಮನೆಯಿಂದಲೇ ಅಷ್ಟೇ ಜೋರಾಗಿ ಕೂಗಿದರು. "ಏನ್ ಉರಿ ಹಾಕ್ಲಿ, ನನ್ ಕಾಲ್ ಇಡ್ಲಾ? ಕಡ್ಡಿ ಎಲ್ಲೈತೆ?"

"ಶೀಟ್ ಕೆಳಗೆ ರಾಶಿ ಇತ್ತಲ್ಲೇ!"

"ಇತ್ತು. ಎರಡು ವಾರದಿಂದ ಒಂದ್ ಕಡ್ಡೀನೂ ಬಿದ್ದಿಲ್ಲ. ಇದ್ದಿದ್ದು ನಿನ್ನೆಗೆ ಮುಗೀತು. ಎರಡೂ ಹಸ ಗೋದಲಿ ನೆಕ್ಕಿ ಬಿಡ್ತಾವೆ."

ಮಾವ ಪಂಚೆ ಎತ್ತಿಕೊಂಡು ಬಚ್ಚಲಿಂದ ಹೊರಗೆ ಬಂದರು. "ಎರಡೂ ಅಂದ್ರೆ? ಲಕ್ಷ್ಮೀ ಯಾಕೆ ನೆಕ್ತಾಳೆ? ಅವಳು ಕಡ್ಡಿ ಬಿಡ್ತಾಳಲ್ಲ?"

ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದರು. "ನಿಮ್ ಹುಲ್ಲು ಹಾಕಿದ್ರೆ ಬಿಡ್ತಾಳೆ. ನಾನ್ ಹಾಕ್ತಿರೋದು ಸವಿತನ ಹುಲ್ಲು. ಮೊದಲನೇ ಸಾಲು ಕೊಯ್ದಾಗ್ನಿಂದ ಹಾಕ್ತೀನಿ. ನೀವ್ ತಂದ ಹೊರೆನೆಲ್ಲ ಪಿಳ್ಳಪ್ಪನ ಮನೆ ಹಿಂದೆ ತಿಪ್ಪೆಗೆ ಒಗೀತಿದ್ದೆ. ಪಾಪ, ಅದೂ ಮೂಕಜೀವ ಅಲ್ವಾ? ಪಕ್ಕದವಳು ಎಳೇದು ಚಪ್ಪರಿಸ್ಕೊಂಡ್ ತಿಂತಿದ್ರೆ ಇದು ಸೌದೆ ಅಗೀತಾ ಕೂತ್ಕೋಬೇಕಾ?"

ನಾನು ಸ್ಟೂಲಿನಿಂದ ಬೀಳಲಿಲ್ಲ, ಅದೇ ಹೆಚ್ಚು. ನಮ್ಮ ಯಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಓಡಿದರು. ಮಾವ ಒಂದು ಗಳಿಗೆ ಅತ್ತೆಯನ್ನು ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡರು. ಪ್ರತಿ ಚೊಂಬಿಗೂ "ಹೋ ಹೋ ಹೋ" ಅನ್ನುವ ಸದ್ದು ಬೀದಿಗೆ ಕೇಳುತ್ತಿತ್ತು. ಅತ್ತೆ ನನ್ನ ಹತ್ತಿರ ಬಂದು, ತೋರಣದ ಮೇಲಿನ ಗಂಟನ್ನು ತಾವೇ ಕಟ್ಟಿ, "ಸಾಕು ಇಳಿ, ಕಣ್ಣೊರೆಸ್ಕೋ. ನಿಮ್ಮಮ್ಮ ಬರೋ ಹೊತ್ತಾಯ್ತು" ಎಂದರು. ಅಷ್ಟು ಖುಷಿ ನನಗೆ ಮದುವೆ ದಿನವೂ ಆಗಿರಲಿಲ್ಲ.

ಅಮ್ಮ ಬಂದಳು. ಅಂದುಕೊಂಡ ಹಾಗೇ ಬಾಗಿನದ ಮೊರ ಜಗಲಿಯ ಮೇಲಿಟ್ಟು, ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಗೆ ನಡೆದಳು. ಚುಕ್ಕಿ ದನಿ ಕೇಳಿಯೇ "ಅಂಬಾ" ಎಂದಳು. ಅಮ್ಮ ಅವಳ ಕುತ್ತಿಗೆ ತಬ್ಬಿಕೊಂಡು, ನುಣ್ಣಗಾದ ಬೆನ್ನು ಸವರಿ, "ಮೈ ಕೈ ತುಂಬ್ಕೊಂಡೌಳೆ ಬೀಗ್ರೇ. ಚೆನ್ನಾಗಿ ನೋಡ್ಕೊಂಡಿದ್ದೀರ" ಎಂದಳು. ಮಾವ ಏನು ಹೇಳುತ್ತಾರೋ ಎಂದು ನಾನು ಕೊಟ್ಟಿಗೆ ಬಾಗಿಲಲ್ಲೇ ನಿಂತಿದ್ದೆ.

"ನಾನೇನ್ ನೋಡ್ಕೊಂಡಿಲ್ಲ ಬೀಗಿತ್ತಿ" ಎಂದರು. "ಬನ್ನಿ, ಹೊಲದಲ್ಲೊಂದು ತೋರಿಸ್ತೀನಿ."

ಹಬ್ಬದ ಸೀರೆಯಲ್ಲೇ ಎಲ್ಲರೂ ಹೊಲಕ್ಕೆ ಹೋದೆವು. ರಸ್ತೆಯಲ್ಲಿ ಪಿಳ್ಳಪ್ಪನವರೂ ಸಿಕ್ಕರು. ಮಾವ ಹೋದವರೇ ನಡುವಿನ ಹಗ್ಗ ಬಿಚ್ಚಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ, "ಸವಿತಾ, ಬಾರಮ್ಮ ಇಲ್ಲಿ. ಹುಲ್ಲಿನ ಪಕ್ಕ ನಿಂತ್ಕೋ" ಎಂದರು. ನಿಂತೆ. ಕೊಯ್ಯದೆ ಉಳಿದಿದ್ದ ಕೊನೆಯ ಸಾಲುಗಳು ನನ್ನ ಹೆಗಲು ದಾಟಿ ಕೆನ್ನೆಗೆ ತಾಗುತ್ತಿದ್ದವು. ಮಾವ ತಮ್ಮ ಆ ಉದ್ದನೆಯ ಕೈ ಚಾಚಿ, ಅಂಗೈಯನ್ನು ನನ್ನ ಹೆಗಲ ಮಟ್ಟಕ್ಕೆ ಹಿಡಿದರು.

"ನೋಡ್ಲಾ ಪಿಳ್ಳಪ್ಪ. ಇನ್ಮೇಲೆ ನಮ್ ಹೊಲದಲ್ಲಿ ಕೊಯ್ಲು ಅಂದ್ರೆ ಇಷ್ಟು. ನಮ್ ಸೊಸೆ ಹೆಗಲಿಗೆ ಬಂದ್ರೆ ಕುಡುಗೋಲು. ಇವಳು ಇನ್ನೊಂದ್ ಮುಷ್ಟಿ ಉದ್ದ ಇದ್ದಿದ್ರೆ ಅಳತೆ ಕೆಟ್ಟೋಗ್ತಿತ್ತು ಕಣ್ಲಾ."

ಅತ್ತೆ ಬಗ್ಗಿ ಬಗ್ಗಿ ನಕ್ಕರು. ಅಮ್ಮನಿಗೆ ಏನೂ ಅರ್ಥವಾಗದಿದ್ದರೂ ನಕ್ಕಳು.

ಈಗಲೂ ನಮ್ಮ ಮನೆಯಲ್ಲಿ ಅದೇ ಅಳತೆ. ಹಂಡೆ ಪಕ್ಕಕ್ಕೆ ಗ್ಯಾಸ್ ಗೀಸರ್ ಬಂದಿದೆ. ಚುಕ್ಕಿಯ ಮಗಳು, ಮೊಮ್ಮಗಳು ಕೊಟ್ಟಿಗೆಯಲ್ಲಿದ್ದಾರೆ. ಕಂಪನಿ ಬಸ್ಸಿನವರು ಹುಲ್ಲು ನೋಡಿ ಏನೂ ಹೇಳುವುದಿಲ್ಲ, ಹೇಳುವಂಥ ಎತ್ತರವೇ ಇಲ್ಲ. ಮಾವನಿಗೆ ಅದರ ಚಿಂತೆಯೂ ಇಲ್ಲ.

ಮೊನ್ನೆ ಆ ಗೇಟಿನ ಮುಂದೆ ಇದೆಲ್ಲ ನೆನೆಯುತ್ತಾ ನಿಂತಿದ್ದಾಗ ಫೋನ್ ಬಡಿದುಕೊಂಡಿತು. ಮಾವ.

"ಎಲ್ಲಿದ್ದೀಯಮ್ಮ? ಮೋಡ ಕಟ್ತಾ ಐತೆ, ಮಳೆ ಬರೋದ್ರೊಳಗೆ ಕೊಯ್ಯಾನ ಅಂತ ಹೊಲಕ್ ಬಂದೆ. ಹೆಗಲಿಗೆ ಬಂದೈತೋ ಇಲ್ವೋ ಗೊತ್ತಾಗ್ತಿಲ್ಲ."

"ನೀವೇ ಅಂದಾಜು ಮಾಡಿ ಕೊಯ್ಕೊಳ್ಳಿ ಮಾವ. ಇಷ್ಟ್ ವರ್ಷ ಆಯ್ತು, ಗೊತ್ತಾಗಲ್ವಾ?"

"ಅದೆಲ್ಲ ಆಗಲ್ಲ" ಎಂದರು. "ನೀನ್ ಬಂದು ನಿಂತ್ಕೋ. ಕಾಯ್ತಿರ್ತೀನಿ."

ಸ್ಕೂಟರ್ ಸ್ಟಾರ್ಟ್ ಮಾಡಿದೆ.